ಶ್ರಾವಣದ ಮಬ್ಬಿನಲ್ಲಿ ಬದನೆ ಸಸಿ: ಬೆಳಕಿನ ಬಣ್ಣ ಕಲಿಸಿದ್ದು

ಶಿರಸಿ ಸೀಮೆಯಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಬದನೆ, ಮೆಣಸಿನ ಸಸಿಗಳು ನೆಡಲು ಸಿದ್ಧವಾಗಿರಬೇಕೆಂದರೆ ಬೀಜವನ್ನು ಶ್ರಾವಣದಲ್ಲಿಯೇ ಹಾಕಬೇಕು. ಆದರೆ ಆಗ ಎಷ್ಟೋ ದಿನ ಬಿಸಿಲೇ ಕಾಣುವುದಿಲ್ಲ. ಅಡಿಕೆ ತೋಟದ ಅಂಚಿನಲ್ಲಿ, ಮಾಡಿನ ಕೆಳಗೆ ಇಡುತ್ತಿದ್ದ ನನ್ನ ಟ್ರೇಗಳಲ್ಲಿ ಸಸಿಗಳು ಪ್ರತಿ ವರ್ಷವೂ ನೂಲಿನಂತೆ ನೀಳವಾಗಿ ಬೆಳೆದು ಅಡ್ಡ ಬೀಳುತ್ತಿದ್ದವು.

ಬೆಳಕು ಸಾಲದೆಂಬುದು ನಿಜವೇ ಆಗಿತ್ತು. ಅದರೊಂದಿಗೆ ಬೆಳಕಿನ ಬಣ್ಣವೂ ಕೆಟ್ಟಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ತೋಟದ ಎಲೆಗಳು ನೀಲಿಯನ್ನೂ 660 ನ್ಯಾನೋಮೀಟರ್ (ಬೆಳಕಿನ ಬಣ್ಣವನ್ನು ಗುರುತಿಸುವ ಅಲೆಯುದ್ದದ ಅಳತೆ) ಆಸುಪಾಸಿನ ಕೆಂಪನ್ನೂ ತಾವೇ ಹೀರಿಕೊಂಡು, ಕಣ್ಣಿಗೆ ಕಂಡೂ ಕಾಣದಂತಿರುವ 730 ನ್ಯಾನೋಮೀಟರಿನ ಕಡುಗೆಂಪನ್ನು ಕೆಳಗೆ ಬಿಡುತ್ತವೆ. ಸಸಿಯೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಎರಡು ಕೆಂಪುಗಳ ಪ್ರಮಾಣದಿಂದಲೇ ತಲೆಯ ಮೇಲೆ ಬೇರೆ ಗಿಡವಿದೆಯೆಂದು ಗುರುತಿಸುವುದರಿಂದ, ಸಸಿ ತನ್ನ ಶಕ್ತಿಯನ್ನೆಲ್ಲ ಕಾಂಡವನ್ನು ಎತ್ತರಿಸುವುದಕ್ಕೇ ಸುರಿಯುತ್ತದೆ.

ಟ್ರೇಗಳನ್ನು ಮನೆಯೊಳಗೆ ತಂದು, ಎಲೆಯ ಹಸಿರಿಗೆ ಕೆಂಪು ಬೆಳಕು ಹಿತವೆಂಬ ಅರೆತಿಳಿವಳಿಕೆಯಿಂದ ಬರೀ ಕೆಂಪು ಎಲ್‌ಇಡಿಗಳನ್ನು ಹಚ್ಚಿದೆ. ಸಸಿಗಳು ಮತ್ತೆ ನೀಳವಾದವು, ಎಲೆಗಳ ಅಂಚು ಮುದುಡಿತು. ಕಾಂಡದ ಓಟಕ್ಕೆ ಕಡಿವಾಣ ಹಾಕುವ, ಸಸಿಯೊಳಗೆ ಬೆಳಕನ್ನು ಗುರುತಿಸುವ ಪ್ರೋಟೀನುಗಳಾದ ಕ್ರಿಪ್ಟೋಕ್ರೋಮ್‌ಗಳು ಎಚ್ಚರಗೊಳ್ಳುವುದು ನೀಲಿ ಬೆಳಕಿನಿಂದ. ಅದನ್ನು ನಾನು ಕೊಟ್ಟೇ ಇರಲಿಲ್ಲ.

ಕೆಂಪು-ನೀಲಿ ಬೆರೆತ ದೀಪದಲ್ಲಿ ಬೆಳವಣಿಗೆ ಸರಿಹೋಯಿತು. ಆದರೆ ಆ ಬೆಳಕಿನಲ್ಲಿ ಹಸಿರೆಲೆ ಕಪ್ಪಾಗಿ ಕಾಣುವುದರಿಂದ ಎಲೆ ಹಳದಿಯಾಗುತ್ತಿರುವುದೂ ಬುಡ ಕೊಳೆಯುತ್ತಿರುವುದೂ ಬೇಗನೆ ತಿಳಿಯುವುದಿಲ್ಲ. ಇದು ನಮ್ಮ ತೇವದ ಹವೆಯಲ್ಲಿ ದೊಡ್ಡ ತೊಡಕು. ಕೊನೆಗೆ ನಾನು ನೆಚ್ಚಿಕೊಂಡದ್ದು ಮನೆಯಲ್ಲಿ ಬಳಸುವ ಬಿಳಿ ಎಲ್‌ಇಡಿ ಟ್ಯೂಬನ್ನು. ಅದರೊಳಗಿನ ಮೂಲ ದೀಪ ಸುಮಾರು 450 ನ್ಯಾನೋಮೀಟರಿನ ನೀಲಿಯೇ; ಮೇಲಿನ ಹಳದಿ ಲೇಪ ಅದರ ಒಂದು ಪಾಲನ್ನು ಹಸಿರು, ಹಳದಿ, ಕೆಂಪುಗಳಾಗಿ ಬದಲಿಸುತ್ತದೆ. ಅದನ್ನು ಸಸಿಗಳಿಂದ ಒಂದು ಗೇಣು ಮೇಲೆ ತೂಗುಹಾಕಿ ದಿನಕ್ಕೆ 14 ತಾಸು ಉರಿಸಿದಾಗ, ಮೂರು ವಾರಗಳಲ್ಲಿ ಕಾಂಡ ಗಿಡ್ಡವಾಗಿ, ದಪ್ಪವಾಗಿ, ಬದನೆಗೆ ಸಹಜವಾದ ನೇರಳೆ ಛಾಯೆ ತಳೆದು ನಿಂತಿತು.

ಆ ಸಸಿಗಳನ್ನು ನೇರವಾಗಿ ಗದ್ದೆಗಿಳಿಸಿದಾಗ, ಮಳೆಯ ನಡುವೆ ಎರಡೇ ದಿನ ಬಂದ ಬಿಸಿಲಿಗೆ ಎಲೆಗಳು ಸುಟ್ಟು ಬಿಳಿಚಿಕೊಂಡವು. ಟ್ಯೂಬಿನ ಬೆಳಕು ಬಿಸಿಲಿಗಿಂತ ಬಹಳ ಮಂದವಾದದ್ದು, ಅದರಲ್ಲಿ ಅತಿನೇರಳೆ ಕಿರಣಗಳೂ ಇಲ್ಲವೆನ್ನಬಹುದು. ಹಾಗಾಗಿ ಎಲೆಗಳು ತಮ್ಮನ್ನು ಕಾಯುವ ದ್ರವ್ಯಗಳನ್ನು ಸಾಕಷ್ಟು ಕೂಡಿಟ್ಟುಕೊಂಡಿರಲಿಲ್ಲ. ಈಗ ನೆಡುವ ಮೊದಲು ಒಂದು ವಾರ ಟ್ರೇಗಳನ್ನು ಅಂಗಳಕ್ಕೆ ತಂದು, ಮೊದಲ ದಿನ ಒಂದು ತಾಸು, ಮರುದಿನ ಎರಡು ತಾಸು ಎಂದು ಹೊರಗಿನ ಬೆಳಕಿಗೆ ಒಡ್ಡುತ್ತೇನೆ.