ಡ್ರಮ್ಮಿನ ಬಾಯಿ ಎಷ್ಟು ಆಳದಲ್ಲಿರಬೇಕು? ಅಲೆಯಿಂದ ಕರೆಂಟ್ ತೆಗೆದ ನನ್ನ ಅನುಭವ

200 ಲೀಟರಿನ ಎರಡು ಡ್ರಮ್ಮುಗಳನ್ನು ಒಂದರ ಮೇಲೊಂದು ಬೆಸೆದು, ಬಾಯಿ ಕೆಳಗಾಗಿ ದಡದ ಬಂಡೆಗೆ ಬಿಗಿದೆ. ನೆತ್ತಿಯಲ್ಲಿ 10 ಸೆಂ.ಮೀ. ಅಗಲದ ಕೊಳವೆ, ಅದರೊಳಗೆ ಗಾಳಿಗೆ ತಿರುಗುವ ಟರ್ಬೈನ್. ಅಲೆ ಏರಿದರೆ ಒಳಗಿನ ನೀರೂ ಏರಿ ಗಾಳಿಯನ್ನು ಕೊಳವೆಯಿಂದ ಆಚೆ ದಬ್ಬುತ್ತದೆ, ಇಳಿದರೆ ಒಳಗೆಳೆಯುತ್ತದೆ. ಥೇಟ್ ಕಮ್ಮಾರನ ತಿದಿ. ಇದೇ ತತ್ವದ 150 ಕಿಲೋವ್ಯಾಟ್ ಘಟಕವನ್ನು 1991ರಲ್ಲಿ ಕೇರಳದ ವಿಳಿಂಜಂನಲ್ಲಿ ಕಟ್ಟಿದ್ದರು. ಸ್ಪೇನಿನ ಮುಟ್ರಿಕುವಿನಲ್ಲಿ 2011ರಲ್ಲಿ 16 ಟರ್ಬೈನುಗಳನ್ನು ಕೂರಿಸಿದರು.

ಡ್ರಮ್ಮಿನ ಅಗಲ 57 ಸೆಂ.ಮೀ. ಹಾಗಾಗಿ ಕೊಳವೆಯಲ್ಲಿ ಗಾಳಿಯ ವೇಗ ನೀರಿನ ವೇಗದ ಸುಮಾರು 32 ಪಟ್ಟು. ಲೆಕ್ಕ ಚೆನ್ನಾಗಿತ್ತು, ಟರ್ಬೈನ್ ಮಾತ್ರ ಮಿಸುಕಲಿಲ್ಲ. ನಾನು ಕೆತ್ತಿದ್ದು ವೆಲ್ಸ್ ಟರ್ಬೈನ್. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೇ ದಿಕ್ಕಿಗೆ ತಿರುಗುವುದು ಅದರ ಹೆಚ್ಚುಗಾರಿಕೆ, ತಾನಾಗಿ ಹೊರಡಲು ಮೊಂಡು ಹಿಡಿಯುವುದು ಅದರ ಕೆಟ್ಟ ಗುಣ. ಹಗ್ಗ ಸುತ್ತಿ ಎಳೆದು ತಿರುಗಿಸಿದೆ. ಹತ್ತು ಅಲೆ ತಿರುಗಿ ನಿಂತಿತು. ಬ್ಲೇಡಿನದೇ ತಪ್ಪೆಂದು ಮೂರು ಸಲ ಹೊಸದಾಗಿ ಕೆತ್ತಿದೆ, ಮೂರೂ ದಂಡ.

ಒಂದು ದಿನ ಇಳಿತದ ಹೊತ್ತಿನಲ್ಲಿ ಪಕ್ಕದಲ್ಲೇ ಕೂತಿದ್ದಾಗ ಡ್ರಮ್ಮಿನ ಬುಡದಿಂದ 'ಗ್ಲಕ್' ಎಂಬ ಸದ್ದು ಕೇಳಿತು. ದೊಡ್ಡ ಅಲೆ ಹಿಂದೆ ಸರಿದಾಗಲೆಲ್ಲ ಬಾಯಿ ನೀರಿನಿಂದ ಮೇಲೆ ಬಂದು, ಗಾಳಿ ಬುಡದಿಂದಲೇ ನುಗ್ಗುತ್ತಿತ್ತು! ತಿದಿಗೇ ತೂತು ಬಿದ್ದಮೇಲೆ ಬ್ಲೇಡ್ ಎಷ್ಟು ನಯಸಾಗಿದ್ದರೇನು? ಇನ್ನೊಂದು ಡ್ರಮ್ ಸೇರಿಸಿ, ಇಳಿತದಲ್ಲೂ ಅಲೆಯ ತಗ್ಗಿಗಿಂತ ಎರಡು ಗೇಣು ಕೆಳಗೆ ಬಾಯಿ ಇರುವಂತೆ ಇಳಿಸಿದೆ. ನೆತ್ತಿಯನ್ನು ಇಳಿಸುವಂತಿಲ್ಲ, ಉಬ್ಬರದಲ್ಲಿ ನೀರು ಕೊಳವೆಗೇ ಚಿಮ್ಮಿ ಟರ್ಬೈನ್ ಮುರಿದೀತು. ಉಬ್ಬರ ಇಳಿತಗಳ ಅಂತರ ಹೆಚ್ಚಿರುವ ಕಡೆ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ.

ಆಮೇಲೆ ಗಾಳಿ ಸೋರಿ ಟರ್ಬೈನ್ ನಿಂತದ್ದಿಲ್ಲ. ಜನರೇಟರಾಗಿ ಹಳೆಯ ಡಿ.ಸಿ. ಮೋಟಾರು, ಕರೆಂಟ್ ಹಿಂದಕ್ಕೆ ಹರಿಯದಂತೆ ಒಂದು ಡಯೋಡ್, ಆಮೇಲೆ ಬ್ಯಾಟರಿ. ಸರಾಸರಿ 6 ವ್ಯಾಟ್, ಒಂದು ಎಲ್‌ಇಡಿ ಬಲ್ಬಿಗೆ ಸಾಕು. ನಗು ಬಂತೇ? ನನಗೂ ಬಂತು. ಒಂದು ಮೀಟರ್ ಎತ್ತರದ, 8 ಸೆಕೆಂಡಿಗೊಮ್ಮೆ ಬರುವ ಅಲೆ ಆಳದ ನೀರಿನಲ್ಲಿ ತನ್ನ ಅಗಲದ ಪ್ರತಿ ಮೀಟರಿಗೆ ಕೆಲವು ಕಿಲೋವ್ಯಾಟ್ ಹೊತ್ತಿರುತ್ತದೆ. ಆದರೆ ಡ್ರಮ್ಮಿನೊಳಗೆ ನಿಂತ ಒಂದು ಮೀಟರ್ ಉದ್ದದ ನೀರಿನ ಕಂಬ ತನ್ನಷ್ಟಕ್ಕೆ ತೂಗುವುದು 2 ಸೆಕೆಂಡಿಗೊಮ್ಮೆ. ಅಲೆಯ ಲಯಕ್ಕೆ ಕೂಡಿ ಜೋರಾಗಿ ತೂಗಲು 16 ಮೀಟರ್ ಉದ್ದ ಬೇಕು. ಅಷ್ಟು ಡ್ರಮ್ಮು ಎಲ್ಲಿಂದ ತರಲಿ?

ಉಪ್ಪಿನ ಗಾಳಿಗೆ ಬೇರಿಂಗ್ ತಿಂಗಳೊಳಗೆ ಹಿಡಿದುಕೊಂಡಿತು. ಅದರ ಬದಲಿಗೆ ಪ್ಲಾಸ್ಟಿಕ್ ಬುಷ್ ಹಾಕಿ, ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯುತ್ತೇನೆ. ಈಗ ಡ್ರಮ್ಮುಗಳನ್ನು ಬಂಡೆಯ ಇಳಿಜಾರಿಗೆ ಓರೆಯಾಗಿ ಮಲಗಿಸುತ್ತಿದ್ದೇನೆ. ಅಷ್ಟೇ ಆಳದಲ್ಲಿ ಕಂಬ ಉದ್ದವಾಗುತ್ತದೆ, ತೂಗಾಟವೂ ನಿಧಾನವಾಗುತ್ತದೆ.