ಹಳೇ ಮದುವೆ ಕಾರ್ಡಿನ ಸಿಡಿಆರ್ ಫೈಲ್ ತೆರೆಯುವುದು ಹೇಗೆ?

ಅಕ್ಕನ ಮದುವೆ ಕಾರ್ಡು, ಊರ ಜಾತ್ರೆಯ ಪೋಸ್ಟರು, ಸಂಘದ ಲೋಗೊ. ಡಿಟಿಪಿ ಅಂಗಡಿಯವರು ಹಿಂದೆ ಸಿ.ಡಿ.ಗೆ ಹಾಕಿ ಕೊಟ್ಟ ಇಂಥವು ಹೆಚ್ಚಾಗಿ ಸಿಡಿಆರ್ ಫೈಲ್‌ಗಳು, ಅಂದರೆ ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಮಾಡಿದವು. ಮೊಬೈಲ್ ಗ್ಯಾಲರಿಯಲ್ಲಿ ಇವು ತೆರೆಯುವುದಿಲ್ಲ. ಫೈಲ್ ಹೆಸರಿನ ಕೊನೆಯಲ್ಲಿ ಸುಮ್ನೆ ಜೆಪಿಜಿ ಅಂತ ಬದಲಿಸಿದರೂ ಪ್ರಯೋಜನವಿಲ್ಲ. ಒಳಗಿರುವುದು ಫೋಟೊ ಅಲ್ಲ, ಗೆರೆ, ಬಣ್ಣ, ಅಕ್ಷರಗಳ ಲೆಕ್ಕ.

ಮೊದಲು ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಕಾಪಿಯ ಮೇಲೇ ಆಗಲಿ.

ಏನಿದೆ ಅಂತ ನೋಡಿದರೆ ಸಾಕು ಎನ್ನುವವರಿಗೆ ಒಂದು ಸುಲಭ ದಾರಿ ಇದೆ. 2008ರಲ್ಲಿ ಬಂದ ಕೋರೆಲ್‌ಡ್ರಾ ಎಕ್ಸ್4 ಆವೃತ್ತಿಯಿಂದ ಈಚೆಗೆ ಸಿಡಿಆರ್ ಫೈಲ್ ಒಳಗೊಳಗೇ ಒಂದು ಜಿಪ್ ಫೈಲ್. ಕಾಪಿಯ ಹೆಸರಿನ ಕೊನೆಯಲ್ಲಿ ಸಿಡಿಆರ್ ತೆಗೆದು ಜಿಪ್ ಎಂದು ಹಾಕಿ, ತೆರೆಯಿರಿ. ಮೆಟಾಡೇಟಾ ಫೋಲ್ಡರಿನ ಒಳಗೆ ಥಂಬ್‌ನೇಲ್ಸ್ ಎಂಬ ಫೋಲ್ಡರ್ ಇದ್ದರೆ ಅಲ್ಲಿ ಪುಟ್ಟ ಚಿತ್ರ ಸಿಗುತ್ತದೆ. ಪ್ರಿಂಟಿಗೆ ಆಗದು, ಗುರುತು ಹಿಡಿಯಲು ಸಾಕು. ಜಿಪ್ ತೆರೆಯದಿದ್ದರೆ ಫೈಲ್ ಅದಕ್ಕಿಂತ ಹಳೆಯದಿರಬಹುದು.

ಪೂರ್ತಿ ಚಿತ್ರ ಬೇಕೇ? ಇಂಕ್‌ಸ್ಕೇಪ್ ಅಥವಾ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಎರಡೂ ಉಚಿತ. ಲಿಬ್ರೆ ಆಫೀಸಿನ ಡ್ರಾ 2012ರಿಂದಲೇ ಸಿಡಿಆರ್ ಓದುತ್ತದೆ. ಕಾಪಿಯ ಹೆಸರಿಗೆ ಜಿಪ್ ಎಂದು ಹಾಕಿದ್ದರೆ ಮತ್ತೆ ಸಿಡಿಆರ್ ಮಾಡಿ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ ಕಾಪಿಯನ್ನು ಆರಿಸಿ, ಅಷ್ಟೆ. ನೆರಳು, ಪವರ್‌ಕ್ಲಿಪ್‌ನಲ್ಲಿ (ಅಂದರೆ ಒಂದು ಆಕಾರದ ಒಳಗೆ) ಕೂರಿಸಿದ ಫೋಟೊ ಕೆಲವೊಮ್ಮೆ ಬಿಟ್ಟುಹೋಗುತ್ತವೆ. ಬಣ್ಣವೂ ಕೊಂಚ ಬೇರೆ ಕಾಣಬಹುದು.

ನಿಜವಾದ ತಲೆನೋವು ಶುರುವಾಗುವುದು ಇಲ್ಲಿಂದ. ಗಣಪತಿ ಚೆನ್ನಾಗಿ ಕಾಣುತ್ತಾನೆ, ಬಾಳೆಕಂದು ಕಾಣುತ್ತದೆ, ಅದರ ಕೆಳಗೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ! ಫೈಲ್ ಕೆಟ್ಟಿಲ್ಲ. ಆಗಿನ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿದ್ದರು. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಮಾಲೀಕರು ಕಾಣುತ್ತಾರೆ. ಹಾಗಾಗಿ ಕನ್ನಡಕ್ಕೆ ಅದರದೇ ಮನೆ ಇರುವ, ತುಂಗಾದಂಥ ಯುನಿಕೋಡ್ ಫಾಂಟಿಗೆ ಬದಲಿಸಿದರೂ ಕನ್ನಡ ಬರುವುದಿಲ್ಲ. ಹಳೇ ಫಾಂಟೇ ಬೇಕು.

ಯಾವ ಫಾಂಟ್ ಅಂತ ತಿಳಿಯಲು ಡ್ರಾದಲ್ಲಿ ಆ ಅಕ್ಷರಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಹೆಸರು ಓರೆಯಾಗಿ ಕಂಡರೆ ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿಲ್ಲ. ನುಡಿಯಾದರೆ ಚಿಂತೆ ಕಡಿಮೆ, ಅದು ಉಚಿತ. ಫಾಂಟ್ ಇನ್‌ಸ್ಟಾಲ್ ಮಾಡಿ, ಡ್ರಾ ಮುಚ್ಚಿ ಮತ್ತೆ ತೆರೆಯಿರಿ. ಶ್ರೀಲಿಪಿಗೆ ದುಡ್ಡು ಕೊಡಬೇಕು, ಅದರ ಜಾಗಕ್ಕೆ ನುಡಿ ಹಾಕಿದರೂ ನಡೆಯದು, ಎರಡರ ಜೋಡಣೆ ಬೇರೆ ಬೇರೆ. ಆಗ ಶ್ರೀಲಿಪಿ ಇರುವ ಡಿಟಿಪಿ ಅಂಗಡಿಗೆ ಹೋಗಿ, ‘ಕರ್ವ್ ಮಾಡಿ ಪಿಡಿಎಫ್ ಕೊಡಿ’ ಅನ್ನಿ. ಅಕ್ಷರಗಳೆಲ್ಲ ಗೆರೆಗಳಾಗುತ್ತವೆ, ಮುಂದೆ ಫಾಂಟಿನ ಹಂಗಿಲ್ಲ. ಕೆಲವು ಅಂಗಡಿಯವರು ಮೊದಲೇ ಕರ್ವ್ ಮಾಡಿ ಕೊಟ್ಟಿರುತ್ತಾರೆ, ಅಂಥ ಫೈಲ್ ಸಿಕ್ಕರೆ ನಿಮ್ಮ ಅದೃಷ್ಟ.

ಅಂತರ್ಜಾಲದಲ್ಲಿ ‘ಸಿಡಿಆರ್ ಕೊಡಿ, ಜೆಪಿಜಿ ತಗೊಳ್ಳಿ’ ಎನ್ನುವ ತಾಣಗಳು ಬೇಕಾದಷ್ಟಿವೆ. ಅವರ ಬಳಿ ನುಡಿ ಫಾಂಟ್ ಇರುವ ಸಾಧ್ಯತೆ ಕಡಿಮೆ. ಅಲ್ಲದೆ ಮದುವೆ ಕಾರ್ಡೆಂದರೆ ಮನೆ ವಿಳಾಸ, ಫೋನ್ ನಂಬರು ಎಲ್ಲ ಇರುತ್ತದಲ್ವಾ? ನಾನಂತೂ ಅಲ್ಲಿಗೆ ಹಾಕುವುದಿಲ್ಲ.

ಕನ್ನಡ ಸರಿಯಾಗಿ ಕಂಡ ಮೇಲೆ ಎಕ್ಸ್‌ಪೋರ್ಟ್ ಮಾಡಿ. ಮೊಬೈಲಿನಲ್ಲಿ ನೋಡಲು ಪಿಎನ್‌ಜಿ, ಪ್ರಿಂಟಿಗೆ ಪಿಡಿಎಫ್. ಪಿಎನ್‌ಜಿಯನ್ನೇ ಪ್ರಿಂಟ್ ಹಾಕಿಸುವುದಾದರೆ ಇಂಚಿಗೆ 300 ಚುಕ್ಕೆ ಇರಲಿ. 5x7 ಇಂಚಿನ ಕಾರ್ಡಿಗೆ ಅದು 1500x2100 ಪಿಕ್ಸೆಲ್. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಸಣ್ಣಕ್ಷರದ ‘ಸುಖಾಗಮನ ಬಯಸುವವರು’ ಮಸುಕಾಗುತ್ತಾರೆ.