ಎರಡು ಪ್ಲಗ್ ಗಾಡಿಯ ಮಿಸ್ಸಿಂಗ್ ಮನೆಯಲ್ಲೇ ಹಿಡಿದದ್ದು

ಕಳೆದ ಭಾನುವಾರ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ದೇವರಾಯನದುರ್ಗ ಬೆಟ್ಟ ಹತ್ತಿದೆ. ಮೂರನೇ ಗೇರು, ಪೂರ್ತಿ ಬಿಸಿ ಇಂಜಿನ್. ಓಡುತ್ತಾ ಓಡುತ್ತಾ ತಡವರಿಸಿ ಜರ್ಕ್ ಹೊಡೆಯುವ ಆ ಮಿಸ್ಸಿಂಗ್ ಒಂದೇ ಒಂದು ಸಲ ಬರಲಿಲ್ಲ. ಮೇಲೆ ಹೋದವನೇ ಭಾವನಿಗೆ ಫೋನ್ ಮಾಡಿದೆ. "ಅದನ್ನ ಗುಜರಿಗೆ ಹಾಕೋ, 12 ಸಾವಿರ ಬಂದ್ರೆ ನಿನ್ನ ಪುಣ್ಯ" ಅಂದಿದ್ದವರು ಅವರೇ.

ಗಾಡಿ 2009ರದ್ದು, 150 ಸಿಸಿ, ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಪಲ್ಸರ್ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ತುಮಕೂರಿನಲ್ಲೇ 27 ಸಾವಿರ ಚಿಲ್ಲರೆಗೆ ಸಿಕ್ಕಿತು. ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಆಗಿತ್ತು, ಹೊಗೆ ಇರಲಿಲ್ಲ, ಅದಕ್ಕೇ ಮನಸ್ಸು ಮಾಡಿದೆ. ಮಾರಿದವರ ಮನೆ ಮುಂದೆ ಎರಡು ರೌಂಡ್ ಹೊಡೆದಾಗ ಬೆಣ್ಣೆಯ ಹಾಗೆ ಓಡಿತ್ತು. 20 ನಿಮಿಷ ಓಡಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುವುದು, ಇಂಜಿನ್ ಬಿಸಿಯಾದ ಮೇಲೆ 5,000 ಆರ್‌ಪಿಎಂ ಹತ್ತಿರ ಜರ್ಕ್, ಸೈಲೆನ್ಸರ್‌ನಲ್ಲಿ ಪಟ್ ಪಟ್. ಒಂದು ಗಂಟೆ ನಿಲ್ಲಿಸಿದರೆ ಮತ್ತೆ ಸರಿ.

ಮೊದಲ ಮೆಕ್ಯಾನಿಕ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನದ್ದೇ ತೊಂದರೆ ಅಂದರು. ಕ್ಲೀನ್ ಮಾಡಿ 350 ತಗೊಂಡರು. ಎರಡು ದಿನ ಸರಿಯಿತ್ತು, ಅಥವಾ ಸರಿಯಿದೆ ಅಂತ ನಾನೇ ಅಂದುಕೊಂಡೆ. ಎರಡನೆಯವರೂ ಅದನ್ನೇ ಬಿಚ್ಚಿ ಮತ್ತೆ 350. ಆಮೇಲೆ "ಹೆಡ್ ಇಳಿಸ್ಬೇಕು ಸಾರ್, ಬೋರ್ ಮಾಡಿಸಿ ಪಿಸ್ಟನ್ ಹಾಕೋಣ, 8 ಸಾವಿರದಲ್ಲಿ ಮುಗಿಸ್ತೀನಿ" ಅಂದರು. ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ, ಅಂದರೆ ಸಿಲಿಂಡರ್ ಸವೆದಿಲ್ಲ, ಬೋರ್ ಯಾಕೆ? ಕೇಳಿದ್ದಕ್ಕೆ ನಕ್ಕರು. ಗಾಡಿ ಮನೆಗೆ ತಂದೆ.

ಇಲ್ಲಿಂದ ನನ್ನ ದಡ್ಡತನ ಶುರು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಎರಡು ಪ್ಲಗ್, ಕಾರ್ಬುರೇಟರ್ ರಬ್ಬರ್, ಸೆಕೆಂಡ್ ಹ್ಯಾಂಡ್ ಸಿಡಿಐ (ಪ್ಲಗ್ ಯಾವಾಗ ಕಿಡಿ ಹೊಡೆಯಬೇಕು ಅಂತ ನಡೆಸುವ ಡಬ್ಬಿ) ತಂದೆ. ಬಸ್ ಚಾರ್ಜ್ ಸೇರಿ ಸುಮಾರು 1,300 ಆಗಿರಬೇಕು. ಮೂರನ್ನೂ ಒಂದೇ ಸಂಜೆ ಹಾಕಿದೆ. ಮಿಸ್ಸಿಂಗ್ ಹಾಗೇ ಇತ್ತು, ಜೊತೆಗೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದೆ ಓಡುವುದು ಕೂಡ ಕೆಟ್ಟಿತು. ಯಾವುದರಿಂದ ಕೆಟ್ಟಿತು ಅಂತ ತಿಳಿಯಲು ಮೂರನ್ನೂ ವಾಪಸ್ ಬಿಚ್ಚಬೇಕಾಯಿತು. ಸಿಡಿಐಯೇ ದರಿದ್ರದ್ದು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ, ಈಗಲೂ ಶೆಲ್ಫಿನ ಮೇಲೆ ಕೂತಿದೆ. ಅವತ್ತಿಂದ ದಿನಕ್ಕೆ ಒಂದೇ ಬದಲಾವಣೆ, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು.

ಟ್ಯಾಪೆಟ್, ಅಂದರೆ ವಾಲ್ವಿನ ಸಂದು ನೋಡಿದೆ, ಇನ್‌ಲೆಟ್ 0.05 ಎಂಎಂ, ಎಕ್ಸಾಸ್ಟ್ 0.10 ಎಂಎಂ, ಸರಿಯಿತ್ತು. ಮಿಸ್ ಹೊಡೆಯುವಾಗ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ, ಗಾಳಿ ಎಳೆಯುವ ಶಬ್ದ ಇಲ್ಲ, ಅಂದರೆ ಮುಚ್ಚಳದ ಗಾಳಿ ತೂತು ಕಟ್ಟಿಲ್ಲ. ರಾತ್ರಿ ಲೈಟ್ ಆರಿಸಿ ಪ್ಲಗ್ ವೈರಿಗೆ ನೀರು ಚಿಮುಕಿಸಿದೆ, ಕಿಡಿ ಎಲ್ಲೂ ಸೋರುತ್ತಿಲ್ಲ.

ಮಧ್ಯೆ ಪೆಟ್ರೋಲಿನ ಮೇಲೂ ಅನುಮಾನ ಬಂತು. ಗೀಟು ಇರುವ ಬಾಟಲಿಗೆ 20 ಎಂಎಲ್ ನೀರು, 80 ಎಂಎಲ್ ಪೆಟ್ರೋಲ್ ಹಾಕಿ ಚೆನ್ನಾಗಿ ಕುಲುಕಿ ಇಟ್ಟೆ. ಎಥನಾಲ್ ನೀರಿನ ಜೊತೆ ಹೋಗುತ್ತದಲ್ಲ, ಕೆಳಗಿನ ಪದರ 35ರ ಹತ್ತಿರ ಬಂತು. ಅಂದರೆ 80ರಲ್ಲಿ 15-16 ಎಂಎಲ್ ಎಥನಾಲ್, ಸರಿಯಾಗಿ ಇ20, ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಮಿಸ್ಸಿಂಗಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ. ಬಾಟಲಿ ಅಡುಗೆಮನೆಯದ್ದು, ಅದಕ್ಕೆ ಬೈಸಿಕೊಂಡದ್ದು ಬೇರೆ.

ದಾರಿ ತೋರಿಸಿದ್ದು ಪ್ಲಗ್ಗಿನ ಬಣ್ಣ. ಮಿಸ್ ಹೊಡೆಯುತ್ತಿದ್ದ ಹಾಗೇ ಕ್ಲಚ್ ಹಿಡಿದು, ಇಂಜಿನ್ ಆಫ್ ಮಾಡಿ, ರಸ್ತೆ ಬದಿಯಲ್ಲೇ ಎರಡೂ ಪ್ಲಗ್ ಬಿಚ್ಚಿದೆ. ಎಡಗಡೆಯದು ಬಿಸ್ಕೆಟ್ ಬಣ್ಣ. ಬಲಗಡೆಯದು ಕಪ್ಪಗೆ, ತುದಿ ಒದ್ದೆ, ಮೂಗಿಗೆ ಹಿಡಿದರೆ ಹಸಿ ಪೆಟ್ರೋಲ್ ವಾಸನೆ. ಒಂದೇ ಸಿಲಿಂಡರ್, ಒಂದೇ ಕಾರ್ಬುರೇಟರ್. ತಪ್ಪು ಕಾರ್ಬುರೇಟರಿನದ್ದಾದರೆ ಎರಡೂ ಒಂದೇ ಥರ ಕಾಣಬೇಕಿತ್ತು. ಎರಡು ಪ್ಲಗ್ ಗಾಡಿಯ ಮೋಸವೇ ಇದು: ಒಂದು ಸತ್ತರೂ ಇನ್ನೊಂದರಲ್ಲಿ ಓಡುತ್ತದೆ, ಅದಕ್ಕೇ ಯಾರೂ ಕರೆಂಟ್ ಕಡೆ ನೋಡುವುದಿಲ್ಲ.

ಓಡುತ್ತಿರುವ ಇಂಜಿನ್ನಿನಲ್ಲಿ ಪ್ಲಗ್ಗಿನ ಕ್ಯಾಪ್ ಎಳೆದು ನೋಡಲು ಹೋಗಿ ಮೊಣಕೈವರೆಗೆ ಶಾಕ್ ತಿಂದೆ. ಕೈಯಲ್ಲಿದ್ದ ಸ್ಪ್ಯಾನರ್ ಕಾಂಪೌಂಡ್ ಆಚೆ ಹೋಯಿತು. ಆಮೇಲೆ ಬುದ್ಧಿ ಬಂತು. ಇಂಜಿನ್ ಆಫ್ ಮಾಡಿ, ಎಡಗಡೆ ಕ್ಯಾಪ್ ತೆಗೆದು, ಅದಕ್ಕೆ ಬೇರೆ ಹಳೇ ಪ್ಲಗ್ ಸಿಕ್ಕಿಸಿ, ಇಂಜಿನ್ ಮೈಗೆ ಗಟ್ಟಿಯಾಗಿ ತಂತಿ ಕಟ್ಟಿ ಅರ್ಥ್ ಮಾಡಿದೆ. ಹೆಡ್‌ನಲ್ಲಿರುವ ಪ್ಲಗ್ ಅಲ್ಲೇ ಇರಲಿ. ಈಗ ಸ್ಟಾರ್ಟ್ ಮಾಡಿದರೆ ಬಲಗಡೆ ಒಂದರಲ್ಲೇ ಓಡಬೇಕು. ತಣ್ಣಗಿದ್ದಾಗ ಓಡಿತು. ಬಿಸಿಯಾದ ಮೇಲೆ ಹತ್ತು ಸಲ ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಎಡಗಡೆ ಒಂದರಲ್ಲಿ ಅರ್ಧ ಹೊಡೆತಕ್ಕೇ ಹತ್ತಿತು.

ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಇರಬೇಕು ಅಂತ ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಕಾಯಿಸಿದೆ. ಏನೂ ಆಗಲಿಲ್ಲ. ಎರಡು ಕಾಯಿಲ್‌ಗಳನ್ನೂ ಅದಲುಬದಲು ಮಾಡಿದೆ. ವೈರ್ ಗಿಡ್ಡ ಬಂದು ಎಳೆದು ಕಟ್ಟಬೇಕಾಯಿತು. ಆದರೂ ಸಾಯುತ್ತಿದ್ದದ್ದು ಬಲಗಡೆಯೇ. ಕ್ಯಾಪ್ ಬದಲಿಸಿದೆ, ಆಗಲೂ ಬಲಗಡೆಯೇ. ಉಳಿದದ್ದು ಕಾಯಿಲ್‌ಗೆ ಬರುವ ವೈರ್ ಮಾತ್ರ. ಟ್ಯಾಂಕ್ ಇಳಿಸಿ, 300 ರೂಪಾಯಿಯ ಮೀಟರ್ ಹಚ್ಚಿ, ವೈರಿನ ಗೊಂಚಲನ್ನು ಒಂದೊಂದು ಇಂಚು ಅಲ್ಲಾಡಿಸುತ್ತಾ ಬಂದೆ. ಹೆಡ್ ಮೇಲೆ ಹಾದು ಹೋಗುವ ಜಾಗದಲ್ಲಿ ಮೀಟರ್ 0.4 ಓಮ್‌ನಿಂದ 60ಕ್ಕೆ ಹಾರಿ ಪೂರ್ತಿ ಓಪನ್, ಅಂದರೆ ವೈರ್ ಕಡಿದ ಹಾಗೆ ತೋರಿಸಿತು.

ಟೇಪ್ ಬಿಚ್ಚಿದರೆ ಒಳಗೆ ಬರೀ ತಿರುಚಿದ ಜಾಯಿಂಟ್. ಯಾವ ಕಾಲದಲ್ಲೋ ಅಲಾರಂ ಹಾಕಿಸಿ, ಆಮೇಲೆ ತೆಗೆದಿದ್ದಾರೆ. ತಾಮ್ರ ಹಸಿರು ಹಿಡಿದಿತ್ತು, ಏಳೆಂಟು ಎಳೆಯಲ್ಲಿ ಎರಡೇ ಉಳಿದಿದ್ದವು. ಟೇಪ್ ಬಿಸಿಗೆ ಮೆತ್ತಗಾದಾಗ ಅವೂ ಬಿಡುತ್ತಿದ್ದವು. ಒಂದು ಅಡಿ ವೈರ್ ಕತ್ತರಿಸಿ ಹೊಸದು ಹಾಕಿ, ಬೆಸುಗೆ ಮಾಡಿ, ಸ್ಲೀವ್ ಹಾಕಿದೆ. ಖರ್ಚು 50 ರೂಪಾಯಿಗಿಂತ ಕಡಿಮೆ. ದಂಡ ಹೋದದ್ದು ಎರಡು ಸಾವಿರ.

ಪಿಕಪ್ ಈಗ ಹೊಸ ಗಾಡಿಯ ಹಾಗಿದೆ. ಮೈಲೇಜ್ 38 ಇದ್ದದ್ದು 46 ಬರುತ್ತಿದೆ. ಅದರಲ್ಲಿ ಸ್ವಲ್ಪ ನಾನು ಕಾರ್ಬುರೇಟರಿನ ಮಿಕ್ಸ್‌ಚರ್ ಸ್ಕ್ರೂ ಕೂರಿಸಿದ ರೀತಿಯದ್ದೂ ಇದೆ. ಅದು ನನ್ನ ಹತ್ತಿರವೇ ಇರಲಿ. ಹೆಡ್ ಇಳಿಸಬೇಕು ಅಂದಿದ್ದ ಮೆಕ್ಯಾನಿಕ್ ಮೊನ್ನೆ ಗಾಡಿ ಓಡಿಸಿ ನೋಡಿ, "ಯಾರ ಹತ್ರ ಮಾಡ್ಸಿದ್ರಿ ಸಾರ್?" ಅಂದರು.

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸೈಲೆನ್ಸರ್‌ನಲ್ಲಿ ಸಣ್ಣಗೆ ಪಟ್ ಅನ್ನುವುದು ಇನ್ನೂ ಇದೆ. ಬೆಂಡ್ ಪೈಪಿನ ಗ್ಯಾಸ್ಕೆಟ್ ಇರಬೇಕು, ಈ ಭಾನುವಾರ ನೋಡುತ್ತೇನೆ. ಭಾವನಿಗೆ ಅದನ್ನು ಹೇಳಿಲ್ಲ.